ಪುಕ್ಕಟೆ ಸೇವೆಗೆ ಒಬ್ಬ ಸಾಕ್ಷಿ

ಪುಕ್ಕಟೆ ಮಾಡುವ ಕೆಲಸಕ್ಕೆ ಪ್ರವಾಸಿ ವೀಸಾ ಸಾಕು ಎಂದು ಮಾವಶಿಗೆ ಹೇಳಿದವರು ಅವರ ಗಂಡ, ನಮ್ಮ ಕಾಕಾ, ಎಂದೇ ನಾನು ಬಹಳ ದಿನ ನಂಬಿದ್ದೆ. ಆ ಸಂಜೆ ನನಗೆ ಚೆನ್ನಾಗಿ ನೆನಪಿತ್ತು. ಸಾಂಗ್ಲಿ ಪಕ್ಕದ ಬುಧಗಾಂವದ ಅವರ ಮನೆ. ಹೊತ್ತು ಮುಳುಗುವ ಮೊದಲೇ ಉಣ್ಣುವ ಮನೆಯಾದ್ದರಿಂದ ಐದೂವರೆಗೇ ತಾಟುಗಳನ್ನು ಹಾಕಿದ್ದರು. ಕಾಕಾ ರೊಟ್ಟಿ ಮುರಿಯುತ್ತ, "ಪಗಾರ ಇಲ್ಲಂದ ಮ್ಯಾಲೆ ಅದು ನೌಕರಿ ಹೆಂಗಾದೀತು? ಅದು ಸೇವಾ. ಸೇವಾ ಮಾಡಾಕ ಯಾವ ಸರಕಾರ ಅಡ್ಡ ಬರತೈತಿ?" ಎಂದಿದ್ದರು. ಅವರ ಬೆರಳಿಗೆ ಅಂಟಿದ್ದ ಶೇಂಗಾ ಚಟ್ನಿ ಕೂಡ ನನ್ನ ಕಣ್ಣಿಗೆ ಕಟ್ಟಿದಂತಿತ್ತು.

ಅದು ತಪ್ಪೆಂದು ಗೊತ್ತಾದ ದಿನ ನಾನು ಕಾಕಾ ಮೇಲೆ ಸ್ವಲ್ಪ ರೇಗಿದೆ. ಗೊತ್ತಿಲ್ಲದ ವಿಷಯದಲ್ಲಿ ಹೀಗೆ ಧೈರ್ಯವಾಗಿ ಹೇಳಬಾರದು ಎಂದೆ. ಮಾವಶಿ ಒಳಗಿನಿಂದ ಮೊಬೈಲ್ ತಂದು ನನ್ನ ಮೂಗಿನ ಮುಂದೆ ಹಿಡಿದರು. ವಾಟ್ಸಾಪಿನಲ್ಲಿ ನಾನೇ ಬರೆದಿದ್ದೆ: ಸಂಬಳವಿಲ್ಲದ ಸೇವೆ, ಟೂರಿಸ್ಟ್ ವೀಸಾ ಸಾಕು, ಆನ್‌ಲೈನ್ ಆಗುತ್ತದೆ, ಚಿಂತೆ ಬೇಡ. ಕೊನೆಗೊಂದು ಹೆಬ್ಬೆಟ್ಟೆತ್ತಿದ ಚಿತ್ರ.

"ಏನ್ ಡಾಕ್ಟರ್ ಸಾಹೇಬ್ರ," ಎಂದರು ಕಾಕಾ, "ತಪ್ಪು ತಿಕೀಟ ನೀವ ಹರದು ಕೊಟ್ರಿ, ಬೈಗಳ ಕಂಡಕ್ಟರಗ?"

ಕಾಕಾ ಮಹಾರಾಷ್ಟ್ರದ ಸರಕಾರಿ ಎಸ್‌ಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿವೃತ್ತರಾದವರು. ಲೋಕದ ಎಲ್ಲ ಸಂಗತಿಗೂ ಅವರ ಬಳಿ ಒಂದು ತಿಕೀಟಿನ ಉಪಮೆ ಇರುತ್ತದೆ. ನನ್ನನ್ನು ಡಾಕ್ಟರ್ ಸಾಹೇಬ್ರು ಎನ್ನುವುದು ನಾನು ಧಾರವಾಡಕ್ಕೆ ಹೋಗಿ ಪಡೆದು ಬಂದ ಪಿಎಚ್‌ಡಿಯ ಮೇಲಿನ ಚೇಷ್ಟೆ. ಗಡಿಹಳ್ಳಿಗಳ ಮುದುಕರನ್ನು ಕೂರಿಸಿಕೊಂಡು, ಅವರು ಹೇಳಿದ ಹಳೆಯ ಸಂಗತಿಗಳನ್ನು ಬರೆದುಕೊಂಡು, ಕೊನೆಗೆ ನೆನಪೆಂಬುದು ದಾಖಲೆಯಲ್ಲ, ಕೇಳುವವನನ್ನು ನೋಡಿ ಪ್ರತಿ ಸಲ ಹೊಸದಾಗಿ ಕಟ್ಟುವ ಕತೆ ಎಂದು ಸಾಧಿಸಿದವನು ನಾನು. ಈಗ ಸಾಂಗ್ಲಿಯ ಒಂದು ಕಾಲೇಜಿನಲ್ಲಿ ತಾಸಿನ ಲೆಕ್ಕದ ಮೇಲೆ ಇತಿಹಾಸ ಹೇಳುತ್ತೇನೆ. ಬೇರೆಯವರ ನೆನಪನ್ನು ಅನುಮಾನಿಸುವುದು ನನಗೆ ಸಲೀಸು. ನನ್ನದೇ ನೆನಪು ಹೀಗೆ ಚಟ್ನಿ ಸಮೇತ ಸುಳ್ಳು ಹೇಳಿದ್ದು ನನ್ನನ್ನು ಕೂರಲು ಬಿಡಲಿಲ್ಲ. ಚಹಾ ಅರ್ಧಕ್ಕೇ ಬಿಟ್ಟು ಬೈಕ್ ಹತ್ತಿದೆ.

ಮಾವಶಿ ನನ್ನ ತಾಯಿಯ ತಂಗಿ. ಹುಟ್ಟಿದ್ದು ಕಸಬೆ ಡಿಗ್ರಜದಲ್ಲಿ, ಕೊಟ್ಟದ್ದು ಬುಧಗಾಂವಕ್ಕೆ, ದುಡಿದದ್ದು ಮಿರಜದ ಒಂದು ಆಸ್ಪತ್ರೆಯಲ್ಲಿ, ನರ್ಸ್ ಆಗಿ, ಮದುವೆಗೆ ಮುಂಚಿನಿಂದ ನಿವೃತ್ತಿಯ ತನಕ. "ನನ್ನ ಇಡೀ ಜನ್ಮ ಒಂದ ಬಸ್ ಪಾಸಿನ್ಯಾಗ ಮುಗೀತು" ಎಂದು ಅವರೇ ಹೇಳಿಕೊಳ್ಳುತ್ತಾರೆ. ನಿವೃತ್ತಿಯಾದ ಮೇಲೆ ಅವರಿಗೆ ಮನೆ ಹಿಡಿಸಲಿಲ್ಲ. ಓಣಿಯಲ್ಲಿ ಯಾರಾದರೂ ಕೆಮ್ಮಿದರೆ ಬಿಪಿ ಯಂತ್ರ ಹಿಡಿದುಕೊಂಡು ಹೋಗುತ್ತಿದ್ದರು. ಆರೋಗ್ಯವಾಗಿದ್ದವರು ಅವರನ್ನು ಕಂಡು ಬಾಗಿಲು ಮುಚ್ಚತೊಡಗಿದ ಕಾಲಕ್ಕೆ ಟಾಂಜಾನಿಯಾದಿಂದ ಪತ್ರ ಬಂತು. ಹಿಂದೆ ಅದೇ ಆಸ್ಪತ್ರೆಯಲ್ಲಿ ಮಾವಶಿಯ ಕೈಕೆಳಗೆ ಬ್ಯಾಂಡೇಜ್ ಸುತ್ತುವುದನ್ನು ಕಲಿತ ಡಾಕ್ಟರೊಬ್ಬರು ಅಲ್ಲಿಯ ಸಣ್ಣ ಊರಿನಲ್ಲಿ, ಗುಜರಾತಿ ವ್ಯಾಪಾರಿಗಳ ಟ್ರಸ್ಟ್ ನಡೆಸುವ ದವಾಖಾನೆಯಲ್ಲಿದ್ದಾರೆ. ಆರು ತಿಂಗಳು ಬಂದು ನಮ್ಮ ಹುಡುಗಿಯರಿಗೆ ಬಾಣಂತಿಯರ, ಹಸುಗೂಸುಗಳ ಆರೈಕೆ ಕಲಿಸಿ ಎಂದು ಬರೆದಿದ್ದರು. ಸಂಬಳವಿಲ್ಲ, ವಸತಿ ಮತ್ತು ಜೈನ ಊಟ ಉಂಟು. ಮಾವಶಿ ಪತ್ರವನ್ನು ಎಷ್ಟು ಸಲ ಓದಿದರೆಂದರೆ ಕಾಗದದ ಮಡಿಕೆಗಳು ಹರಿದು ಹೋಗಿದ್ದವು.

ನಮ್ಮವರಲ್ಲಿ ಈ ತಪ್ಪು ಸಹಜ ಎಂದು ಈಗ ಅನಿಸುತ್ತದೆ. ಮುನಿಗಳು ಊರಿಗೆ ಬಂದಾಗ ಬ್ಯಾಂಕ್ ಮ್ಯಾನೇಜರನೂ ಬಸದಿಯ ಹಿಂದೆ ಕೂತು ಪಾತ್ರೆ ತಿಕ್ಕುತ್ತಾನೆ. ವಕೀಲನ ಹೆಂಡತಿ ನಸುಕಿಗೇ ಎದ್ದು ಬಾವಿಯ ನೀರು ಸೋಸುತ್ತಾಳೆ. ಅದನ್ನು ಯಾರೂ ಕೆಲಸ ಎನ್ನುವುದಿಲ್ಲ. ಕೆಲಸವೆಂದರೆ ಪಗಾರದ್ದು. ಮಿಕ್ಕದ್ದೆಲ್ಲ ಸೇವೆ. ಓದಿದವನಾದ ನಾನು ಇದನ್ನು ದಾಟಿದ್ದೇನೆ ಎಂದುಕೊಂಡಿದ್ದೆ, ಆದರೆ ಆ ದೇಶದ ವಲಸೆ ಇಲಾಖೆಯ ಪುಟವನ್ನು ಓದುವ ಮೊದಲೇ ಉತ್ತರ ಬರೆದುಬಿಟ್ಟಿದ್ದೆ. ಆಮೇಲೆ ಓದಿದಾಗ ಸರಳವಾಗಿತ್ತು. ಪ್ರವಾಸಿ ವೀಸಾ ನೋಡಿ ತಿರುಗಿ ಹೋಗುವವರಿಗೆ. ಸಂಬಳ ಇರಲಿ ಬಿಡಲಿ, ಒಂದು ಸಂಸ್ಥೆಯಲ್ಲಿ ನಿಂತು ದುಡಿಯುವವರಿಗೆ ಬೇರೆ ಪರವಾನಗಿ ಬೇಕು, ಅದಕ್ಕೆ ಕರೆದವರೇ ಅಲ್ಲಿಂದ ಅರ್ಜಿ ಹಾಕಬೇಕು. ನರ್ಸ್ ಆದರೆ ಅಲ್ಲಿಯ ನರ್ಸಿಂಗ್ ಮಂಡಳಿಯ ಒಪ್ಪಿಗೆಯೂ ಬೇಕು.

ದವಾಖಾನೆಯ ಕಾರ್ಯದರ್ಶಿ, ಗುಜರಾತಿ ಹೆಂಗಸು, ಫೋನಿನಲ್ಲಿ ಹಿಂದಿಯಲ್ಲಿ ಇದನ್ನೇ ಬಿಡಿಸಿ ಹೇಳಿದರು. ಪ್ರವಾಸಿ ವೀಸಾದ ಮೇಲೆ ಬಂದು ಒಂದು ಗಾಯ ತೊಳೆದರೂ ತೊಳೆದವರಿಗೂ ತೊಂದರೆ, ನಮಗೂ ತೊಂದರೆ ಎಂದರು.

ಫೋನ್ ಇಟ್ಟ ಮೇಲೆ ಮಾವಶಿ ಸಿಟ್ಟಿನಿಂದ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತರು. "ಗಾಯಾ ತೊಳಿಯಾಕ ಪರವಾನಗಿ! ಮಿರಜದಾಗ ನಾ ತೊಳದ ಗಾಯಾ ಒಂದ ಕಡೆ ಹರದಿದ್ರ ಕೃಷ್ಣಾ ನದಿ ಕೆಂಪ ಆಕ್ಕಿತ್ತು."

"ಅದು ಮಿರಜ," ಎಂದರು ಕಾಕಾ. "ಇದು ಅಂತರರಾಜ್ಯ ಬಸ್ಸು. ತಿಕೀಟ ಬ್ಯಾರೆ."

"ನೀವು ಸುಮ್ಮ ಕುಂದರ್ರಿ. ಏ ತಮ್ಮಾ, ಇನ್ನ ನೀನ ನೋಡು ಎಲ್ಲಾ. ಯಾವ ಕಾಗದ ಬೇಕು, ಎಲ್ಲಿ ಸಹಿ ಮಾಡಬೇಕು. ತಪ್ಪು ನಿಂದು, ತಿದ್ದೂದೂ ನಿಂದು."

ತಿಂಗಳ ಕೊನೆಯೊಳಗೆ ಎಲ್ಲ ಕಾಗದ ಅಲ್ಲಿ ತಲುಪಬೇಕಿತ್ತು. ಇಲ್ಲದಿದ್ದರೆ ನಾಸಿಕದ ಇನ್ನೊಬ್ಬ ನರ್ಸನ್ನು ಕರೆಯುತ್ತೇವೆ, ಅವರ ಕಾಗದಗಳು ತಯಾರಿವೆ ಎಂದು ಕಾರ್ಯದರ್ಶಿ ಮೊದಲೇ ಹೇಳಿದ್ದರು. ನಮ್ಮ ಕೈಯಲ್ಲಿ ಹತ್ತೊಂಬತ್ತು ದಿನ ಇದ್ದವು. ಅಥವಾ ಇಪ್ಪತ್ತೊಂದು. ಈಗ ಖಚಿತವಾಗಿ ಹೇಳಲಾರೆ.

ನಾನು ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದೆ. ಪಾಸ್‌ಪೋರ್ಟ್, ನರ್ಸಿಂಗ್ ಪ್ರಮಾಣಪತ್ರ, ಮಂಡಳಿಯ ನೋಂದಣಿ, ಅನುಭವದ ಪತ್ರ. ಆಗ ಕಂಡಿತು. ಪಾಸ್‌ಪೋರ್ಟಿನಲ್ಲಿ ಇದ್ದವಳು ಒಬ್ಬಳು, ಪ್ರಮಾಣಪತ್ರದಲ್ಲಿ ಇದ್ದವಳು ಇನ್ನೊಬ್ಬಳು. ಮನೆತನದ ಅಡ್ಡಹೆಸರು ಮಾತ್ರ ಬೇರೆಯಾಗಿದ್ದರೆ ಮದುವೆಯಾದವಳು ಎಂದು ಯಾರಾದರೂ ತಿಳಿದಾರು. ಆದರೆ ಇಲ್ಲಿ ಹೆಸರೇ ಬೇರೆ, ನಡುವಿನ ಹೆಸರೂ ಬೇರೆ. ಒಂದು ಅಕ್ಷರವೂ ಕೂಡುತ್ತಿರಲಿಲ್ಲ.

ನಮ್ಮ ಕಡೆ ಲಗ್ನದಲ್ಲಿ ಹುಡುಗಿಯ ಹೆಸರನ್ನೇ ಬದಲಿಸುವುದುಂಟು. ಹಿತ್ತಾಳೆಯ ತಾಟಿನಲ್ಲಿ ಅಕ್ಕಿ ಹರವಿ, ವರ ತನ್ನ ಉಂಗುರದಿಂದ ಅದರ ಮೇಲೆ ಹೊಸ ಹೆಸರು ಬರೆಯುತ್ತಾನೆ. ಅಂದಿನಿಂದ ಅವಳು ಆ ಹೆಸರಿನವಳು. ಅದು ಮರಾಠಿಯವರ ಪದ್ಧತಿ, ಕನ್ನಡ ಮಾತಾಡುವ ನಮ್ಮ ಜೈನ ಮನೆಗಳೂ ಅದನ್ನು ಯಾವಾಗಲೋ ಎತ್ತಿಕೊಂಡಿವೆ. ಮಾವಶಿಯ ವಿಷಯದಲ್ಲಿ ಕಾರಣವೂ ಇತ್ತು. ಕಾಕಾ ಅವರ ತಂಗಿಗೂ ಅದೇ ಹೆಸರಿತ್ತಂತೆ. ಒಂದೇ ಮನೆಯಲ್ಲಿ ಒಂದೇ ಹೆಸರಿನ ಇಬ್ಬರು ಬೇಡವೆಂದು ಅತ್ತೆ ಹಟ ಹಿಡಿದರಂತೆ.

ಇಷ್ಟು ವರ್ಷ ಇದು ಯಾರ ಗಮನಕ್ಕೂ ಬರಲಿಲ್ಲವೇ ಎಂದು ಕೇಳಿದೆ.

"ಯಾರ ಕೇಳಬೇಕು?" ಎಂದರು ಮಾವಶಿ. "ದವಾಖಾನ್ಯಾಗ ಹಳೇ ಹೆಸರ ಇತ್ತು, ಆದ್ರ ಎಲ್ಲಾರೂ ಸಿಸ್ಟರ್ ಅಂತಿದ್ರು. ಮನ್ಯಾಗ ಹೊಸ ಹೆಸರ, ಅತ್ತಿ ಇರೂ ತನಕ ಅವ್ರು ಕರದ್ರು. ಇವ್ರಂತೂ ಲಗ್ನಾದಾಗಿಂದ 'ಏ' ಅಂತಾರ."

"ಸೀಟಿ ಹೊಡದು ಕರೀಲಿಲ್ಲ ಪುಣ್ಯಾ," ಎಂದರು ಕಾಕಾ.

ನಾನೂ ಅವರನ್ನು ಯಾವ ಹೆಸರಿನಿಂದಲೂ ಕರೆದವನಲ್ಲ. ನನಗೆ ಅವರು ಮಾವಶಿ.

ಕಾರ್ಯದರ್ಶಿಗೆ ಇದನ್ನು ತಿಳಿಸಿದೆ. ಎರಡೂ ಹೆಸರಿರುವ ಮದುವೆಯ ಪ್ರಮಾಣಪತ್ರ ಕಳಿಸಿ, ಇಲ್ಲವಾದರೆ ತವರಿನ ರಕ್ತಸಂಬಂಧಿಯೊಬ್ಬರು ನೋಟರಿಯ ಮುಂದೆ ಪ್ರಮಾಣ ಮಾಡಿ ಬರೆದ ಅಫಿಡವಿಟ್ ಕಳಿಸಿ ಎಂದು ಉತ್ತರ ಬಂತು. ಲಗ್ನ ನೋಂದಣಿಯಾಗಿರಲಿಲ್ಲ. ಆ ಕಾಲದಲ್ಲಿ ಯಾರು ಮಾಡಿಸುತ್ತಿದ್ದರು? ಈಗ ಮಾಡಿಸೋಣವೆಂದರೆ ಲಗ್ನ ಮಾಡಿಸಿದ ಉಪಾಧ್ಯೆ ತೀರಿಕೊಂಡಿದ್ದರು, ದಿನಗಳೂ ಸಾಲುತ್ತಿರಲಿಲ್ಲ. ಲಗ್ನದ ಆಲ್ಬಮ್ ಡಿಗ್ರಜದ ಮನೆಯಲ್ಲಿತ್ತು, ಮಹಾಪೂರ ಬಂದಾಗ ನೀರು ಕುಡಿದು ಒಂದು ಹೆಂಟೆಯಾಗಿ ಹೋಗಿತ್ತು. ತವರಿನ ಕಡೆಯವರಲ್ಲಿ ನನ್ನ ತಾಯಿಯಿಲ್ಲ, ಅಜ್ಜ ಅಜ್ಜಿಯಿಲ್ಲ, ಸೋದರಮಾವನೂ ಇಲ್ಲ. ಉಳಿದವನು ನಾನೊಬ್ಬ. ಲಗ್ನದ ಹೊತ್ತಿಗೆ ನನಗೆ ಆರು ವರ್ಷ.

"ನೀ ಇದ್ದಿ," ಎಂದರು ಮಾವಶಿ. "ಮುಂದ ಕುಂತಿದ್ದಿ. ಅಕ್ಕಿ ತಿನ್ನಾಕ ಕೈ ಹಾಕಿದ್ದಿ, ನಿಮ್ಮವ್ವ ಹೊಡದ್ಳು."

ಅಲ್ಲಿಗೆ ಸಮಸ್ಯೆ ಮುಗಿಯಬೇಕಿತ್ತು. ಸಾಂಗ್ಲಿಯ ಕೋರ್ಟಿನ ಹೊರಗೆ ಜೆರಾಕ್ಸ್ ಅಂಗಡಿಗೆ ಅಂಟಿಕೊಂಡ ಖೋಲಿಯಲ್ಲಿ ಕೂಡುವ, ನೋಟರಿಯೂ ಆದ ವಕೀಲೆಯೊಬ್ಬರು ಮರಾಠಿಯಲ್ಲಿ ಕರಡು ಮಾಡಿಕೊಟ್ಟರು. ಮನೆಗೆ ತಂದು ಓದಿದೆ. ನಾನು ಇಂಥವನ ಮಗ, ಇಂಥಲ್ಲಿ ವಾಸ, ಇಂಥವಳ ಅಕ್ಕನ ಮಗ. ಸರಿ. ಇಂಥ ವರ್ಷ ಕಸಬೆ ಡಿಗ್ರಜದಲ್ಲಿ ನಡೆದ ಅವಳ ಲಗ್ನಕ್ಕೆ ನಾನು ಖುದ್ದು ಹಾಜರಿದ್ದೆ, ಅಲ್ಲಿ ನನ್ನ ಸಮಕ್ಷಮ ಅವಳ ಹೆಸರು ಬದಲಾಯಿತು, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ ಎಂದು ಸತ್ಯಪ್ರತಿಜ್ಞೆ ಮಾಡುತ್ತೇನೆ.

ಕಣ್ಣು ಮುಚ್ಚಿದೆ. ತಾಟು ಬಂತು. ಹಿತ್ತಾಳೆಯ ತಾಟು, ಅಂಚಿನಲ್ಲಿ ಒಂದು ಕಡೆ ಜಜ್ಜಿದ ಗುರುತು. ಅಕ್ಕಿ, ಅದರಲ್ಲಿ ಸ್ವಲ್ಪ ಅರಿಸಿನ. ಉಂಗುರ ಹಿಡಿದ ಗಂಡಸಿನ ಬೆರಳುಗಳು. ಅಕ್ಕಿ ಸರಿಯುವಾಗ ಆಗುವ ಸಣ್ಣ ಸಪ್ಪಳ. ಎಲ್ಲ ಇತ್ತು. ಆದರೆ ಕಾಕಾ ರೊಟ್ಟಿ ಮುರಿದದ್ದೂ ಹೀಗೇ ಇತ್ತಲ್ಲ! ನಾನು ಎಷ್ಟು ಲಗ್ನಗಳಲ್ಲಿ ಈ ತಾಟನ್ನು ನೋಡಿದ್ದೇನೆ? ಆ ಬೆರಳು ಕಾಕಾ ಅವರದೋ, ನನ್ನದೇ ಲಗ್ನದಲ್ಲಿ ನಾನು ಹಿಡಿದ ಉಂಗುರವೋ? ಅಕ್ಷರಗಳನ್ನು ಓದಲು ಪ್ರಯತ್ನಿಸಿದೆ. ಆರು ವರ್ಷದವನಿಗೆ ಓದಲು ಬರುತ್ತಿತ್ತೇ?

ಎದ್ದು ನಡೆಯತೊಡಗಿದೆ. ವಿಶ್ರಾಮಬಾಗದ ಮನೆಯಿಂದ ಹೊರಟು, ಮಾರ್ಕೆಟ್ ಯಾರ್ಡಿನ ಅರಿಸಿನದ ಘಾಟು ದಾಟಿ, ಬಸ್ ಸ್ಟ್ಯಾಂಡ್ ದಾಟಿ ನದಿಯ ಘಾಟಿನ ತನಕ. ಅಲ್ಲಿಂದ ಮತ್ತೆ ವಾಪಸ್. ಕಾಲಿಗೆ ಕೆಲಸ ಕೊಟ್ಟರೆ ತಲೆ ಸುಮ್ಮನಾದೀತು ಎಂದು. ಆಗಲಿಲ್ಲ. ಮರುದಿನ ಬುಧಗಾಂವಕ್ಕೆ ಹೋಗಿ ಕಾಕಾ ಅವರನ್ನೇ ಕೇಳಿದೆ. ತಾಟು ಎಂಥದಿತ್ತು?

"ಯಾವ ತಾಟು?"

"ಹೆಸರು ಬರದ ತಾಟು ಕಾಕಾ. ಅಕ್ಕಿದು."

"ತಾಟೂ ಇಲ್ಲ ಗೀಟೂ ಇಲ್ಲ. ನಮ್ಮ ಕಾಲಕ್ಕ ಅವೆಲ್ಲ ಎಲ್ಲಿದ್ದು? ಉಪಾಧ್ಯೆರು ಏನ್ ಹೆಸರ ಇಡತೀರಿ ಅಂದ್ರು, ನಮ್ಮವ್ವ ಹೇಳಿದ್ಳು, ಅವ್ರು ಮೂರ ಸಲ ಒದರಿದ್ರು. ಮುಗೀತು."

ಅಡಿಗೆಮನೆಯಿಂದ ಮಾವಶಿ ಸೌಟು ಹಿಡಿದುಕೊಂಡೇ ಬಂದರು. "ಅಲ್ಲಾ, ಕೇಳಿದ್ರ್ಯಾ, ಏನ್ ಮಾತಾಡತೀರಿ? ನೀವ ಬರದ್ರಿ ಉಂಗುರದಲೆ. ಸೊಟ್ಟ ಬರದ್ರಿ ಅಂತ ಎಲ್ಲಾರೂ ನಕ್ಕಿದ್ರು."

"ನಾ ಸೊಟ್ಟ ಬರೀತೇನಿ? ದಿನಾ ತಿಕೀಟಿನ ಲೆಕ್ಕಾ, ವೇಬಿಲ್ ಬರದ ಕೈ ಇದು!"

"ಆವಾಗ ನೀವು ನೌಕರಿಗೆ ಎಲ್ಲಿ ಹತ್ತಿದ್ರಿ?"

ಹೀಗೆ ಅರ್ಧ ತಾಸು. ನಾನು ನನ್ನ ಸಂಶೋಧನೆಯ ಅಭ್ಯಾಸದಂತೆ ಇಬ್ಬರ ಮಾತನ್ನೂ ವಹಿಯಲ್ಲಿ ಬರೆದುಕೊಂಡೆ. ವರ ಮತ್ತು ವಧು, ಇಬ್ಬರೂ ಪ್ರತ್ಯಕ್ಷದರ್ಶಿಗಳು, ತಾಟು ಇತ್ತೋ ಇಲ್ಲವೋ ಎಂಬಲ್ಲೇ ಭೇದ. ಕಾಕಾ ಹೇಳುವುದು ನಿಜವಾದರೆ ನಾನು ಕಂಡ ತಾಟು ಬೇರೆ ಯಾರದೋ ಲಗ್ನದ್ದು, ಹಾಗಾದರೆ ನಾನು ಈ ಲಗ್ನದಲ್ಲಿ ಇದ್ದೆ ಎನ್ನುವುದಕ್ಕೆ ನನ್ನಲ್ಲಿ ಏನೂ ಉಳಿಯುವುದಿಲ್ಲ.

ಡಿಗ್ರಜದ ಶಾಲೆಗೆ ಹೋದೆ. ಮುಖ್ಯಾಧ್ಯಾಪಕರನ್ನು ಒಪ್ಪಿಸಿ, ಧೂಳು ಹಿಡಿದ ರಜಿಸ್ಟರ್ ತೆಗೆಸಿ, ಒಂದು ದಾಖಲೆ ಪತ್ರ ಬರೆಸಿಕೊಂಡು ಬಂದೆ. ಅದರಲ್ಲಿ ಮಾವಶಿಯ ಹಳೆಯ ಹೆಸರಿತ್ತು. ಹಳೆಯ ಹೆಸರು ನಮಗೆ ಮೊದಲೇ ಗೊತ್ತಿತ್ತು. ಇಡೀ ದಿನ ಓಡಾಡಿ ತಂದ ಕಾಗದ ನೋಡಿ ಕಾಕಾ, "ಸಾಂಗ್ಲಿಯಿಂದ ಸಾಂಗ್ಲಿಗೆ, ಸಾಂಗ್ಲಿ ಮಾರ್ಗಾ" ಎಂದರು.

ದಿನಗಳು ಹೋದವು. ವಕೀಲೆಗೆ ಎರಡು ಸಲ ನಾಳೆ ಬರುತ್ತೇನೆ ಎಂದು ಹೇಳಿ ಹೋಗಲಿಲ್ಲ. ಸುಳ್ಳುಪ್ರಮಾಣದ ಭಯವೇ ಎಂದು ನನ್ನನ್ನೇ ಕೇಳಿಕೊಂಡೆ. ಭಯವಲ್ಲ. ಟಾಂಜಾನಿಯಾದಿಂದ ಯಾರೂ ಬಂದು ತಾಟು ಹುಡುಕುವವರಿರಲಿಲ್ಲ. ನಾನು ಮುದುಕರಿಗೆಲ್ಲ ಕೇಳಿದ ಪ್ರಶ್ನೆಯನ್ನು, ಇದನ್ನು ನೀವು ಕಂಡಿರೋ ಕೇಳಿದಿರೋ ಎಂದು ಅವರನ್ನು ಗೋಳಾಡಿಸಿದ ಪ್ರಶ್ನೆಯನ್ನು, ನನ್ನ ಸರದಿ ಬಂದಾಗ ನುಂಗಲು ಆಗುತ್ತಿರಲಿಲ್ಲ, ಅಷ್ಟೆ. ಇದು ಪ್ರಾಮಾಣಿಕತೆಯೋ ಬರೀ ಜಂಬವೋ ಎಂಬುದೂ ನನಗೆ ಆಗ ಬಗೆಹರಿದಿರಲಿಲ್ಲ.

ನಾಲ್ಕು ದಿನ ಉಳಿದಿದ್ದಾಗ ಮಾವಶಿ ತಾವೇ ಬಸ್ ಹಿಡಿದು ಬಂದು ನನ್ನನ್ನು ಮನೆಯಿಂದ ಎಬ್ಬಿಸಿಕೊಂಡು ಕೋರ್ಟಿಗೆ ಕರೆದೊಯ್ದರು. ವಕೀಲೆಯ ಖೋಲಿಯಲ್ಲಿ ಫ್ಯಾನ್ ಕರಕರ ಅನ್ನುತ್ತಿತ್ತು. ಅವರು ಕರಡನ್ನು ಗಡಗಡನೆ ಓದಿ, "ಚಲಾ, ಸಹಿ ಕರಾ" ಎಂದು ಪೆನ್ನು ಮುಂದೆ ನೂಕಿದರು.

"ಒಂದು ವಾಕ್ಯ ತೆಗೆಯಬೇಕು," ಎಂದೆ ಮರಾಠಿಯಲ್ಲಿ.

"ಯಾವುದು?"

"ನನ್ನ ಸಮಕ್ಷಮ ಎನ್ನುವುದು. ಖುದ್ದು ಹಾಜರಿದ್ದೆ ಎನ್ನುವುದೂ."

ವಕೀಲೆ ಕನ್ನಡಕ ತೆಗೆದರು. "ಅಲ್ಲ, ಅದೇ ತಾನೇ ಪ್ರಮಾಣ? ಅದು ಹೋದರೆ ಉಳಿಯುವುದು ನಿಮ್ಮ ವಿಳಾಸ. ನೀವು ಲಗ್ನಕ್ಕೆ ಹೋಗಿದ್ದಿರೋ ಇಲ್ಲವೋ?"

"ಹೋಗಿರಬಹುದು."

"ಇದು ಕೋರ್ಟಿನ ಅಂಗಳ ಸರ್, ಇಲ್ಲಿ 'ಇರಬಹುದು' ನಡೆಯುವುದಿಲ್ಲ," ಎಂದು ಅವರು ಮುಂದಿನವರನ್ನು ಕರೆದರು.

ಮಾವಶಿ ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದರು. ಚಹಾದ ಗಾಡಿಯ ಪಕ್ಕದಲ್ಲಿ ನಿಂತೆವು. ಅವರು ಚಹಾ ಹೇಳಲಿಲ್ಲ.

"ನೀ ಇದ್ದಿ ಅಂತ ನಾ ಹೇಳಾಕತ್ತೇನಿ. ನನ್ನ ಮಾತು ನಿನಗ ಸಾಲಂಗಿಲ್ಲಾ?"

"ಹಂಗಲ್ಲ ಮಾವಶಿ. ನೀವು ಹೇಳಿದ್ದು ನನಗ ಕೇಳಿದ ಮಾತು ಆಕ್ಕೈತಿ. ನಾ ಕಂಡದ್ದು ಆಗಂಗಿಲ್ಲ. ಅವ್ರು ಬರದಾರ, ಕಣ್ಣಾರೆ ಕಂಡೇನಿ ಅಂತ."

"ಪೇಷಂಟ್ ಬಂದು ಇಲ್ಲಿ ನೋವು ಐತ್ರಿ ಅಂತಾನ. ನೋವು ಕಾಣತೈತ್ಯಾ ನನಗ? ನಾ ಏನ್ ಅನ್ನಬೇಕು, ಕಣ್ಣಾರೆ ಕಂಡಿಲ್ಲಪ್ಪಾ, ಹೋಗು ಅನ್ನಲ್ಯಾ? ಅವ ಅಂದಾನ, ಮುಗೀತು. ಅಲ್ಲೇ ಕೈ ಇಟ್ಟೇನಿ. ಇಷ್ಟ ವರ್ಷ ಹಂಗ ಕೆಲಸ ಮಾಡೇನಿ."

"ಒಬ್ಬ ಅರ್ಧ ಸುಳ್ಳು ಹೇಳಿರತಾನ ಮಾವಶಿ, ರಜಾ ಸಿಗಲಿ ಅಂತ."

"ಹೇಳಿರತಾನ. ಅವಂಗೂ ಕೈ ಇಟ್ಟೇನಿ." ಅವರ ದನಿ ಒಮ್ಮೆಲೇ ಇಳಿಯಿತು. "ನಾ ಎಲ್ಲಿಗೂ ಹೋಗಿಲ್ಲೋ ತಮ್ಮಾ. ನಂಗ ಒಮ್ಮೆ ಹೋಗೂದೈತಿ. ನಿನಗ ಗೊತ್ತಿಲ್ಲಂದ್ರ, ಗೊತ್ತಿದ್ದದ್ದು ಬರಿ. ನಾ ಯಾರು ಅಂತ ನಿನಗ ಗೊತ್ತೈತೋ ಇಲ್ಲೋ?"

ನಾನು ಚಹಾ ಗಾಡಿಯ ಸುತ್ತ ಒಂದು ಸುತ್ತು ಹಾಕಿದೆ. ಗಾಡಿಯವನು ನನ್ನನ್ನು ವಿಚಿತ್ರವಾಗಿ ನೋಡಿದ. ಗೊತ್ತಿದ್ದದ್ದು ಏನು? ಲಗ್ನ ಬಿಡು, ತಾಟು ಬಿಡು. ಬೇಸಿಗೆ ಸೂಟಿಯಲ್ಲಿ ಡಿಗ್ರಜದ ಮನೆ. ಮಾವಶಿ ಬುಧಗಾಂವದಿಂದ ಬಸ್ಸಿಳಿದು ಬರುತ್ತಿದ್ದರು. ಹಿತ್ತಿಲಿನಿಂದ ಅಜ್ಜಿ ಆ ಹಳೆಯ ಹೆಸರನ್ನು ಮೊಟಕು ಮಾಡಿ, ಕೊನೆಯ ಸ್ವರವನ್ನು ಎಳೆದು ಕೂಗುತ್ತಿದ್ದಳು. ಒಂದು ಸಲವಲ್ಲ, ವರ್ಷ ವರ್ಷ, ಅವಳು ಹಾಸಿಗೆ ಹಿಡಿಯುವ ತನಕ, ಆಗ ನಾನು ಕಾಲೇಜಿಗೆ ಬಂದಿದ್ದೆ. ಬುಧಗಾಂವಕ್ಕೆ ಹೋದರೆ ಕಾಕಾ ಅವರ ತಾಯಿ ಇದೇ ಮಾವಶಿಯನ್ನು ಹೊಸ ಹೆಸರಿನಿಂದ ಕರೆದು ಹಾಲು ಕಾಯಿಸಲು ಹೇಳುತ್ತಿದ್ದರು. ಎರಡು ಮನೆ, ಎರಡು ದನಿ, ಓಗೊಟ್ಟವರು ಒಬ್ಬರೇ. ಇದನ್ನೂ ನಾನು ಅನುಮಾನಿಸಬಹುದಿತ್ತು. ಅಜ್ಜಿಯ ದನಿಯನ್ನು ಅನುಮಾನಿಸಲು ನನಗೆ ಮನಸ್ಸು ಬರಲಿಲ್ಲ, ಮತ್ತು ಮನಸ್ಸು ಬರಲಿಲ್ಲ ಎನ್ನುವುದು ಪುರಾವೆಯಲ್ಲ ಎಂಬುದೂ ನನಗೆ ತಿಳಿದಿತ್ತು.

ವಕೀಲೆಯ ಮುಂದೆ ಮತ್ತೆ ಕೂತು ಅದನ್ನೇ ಬರೆಸಿದೆ. ನನಗೆ ಬುದ್ಧಿ ತಿಳಿದಾಗಿನಿಂದ ತವರಿನಲ್ಲಿ ಇವಳನ್ನು ಈ ಹೆಸರಿನಿಂದ ಕರೆಯುವುದನ್ನು ಕೇಳಿದ್ದೇನೆ, ಗಂಡನ ಮನೆಯಲ್ಲಿ ಆ ಹೆಸರಿನಿಂದ ಕರೆಯುವುದನ್ನು ಕೇಳಿದ್ದೇನೆ, ಇವರಿಬ್ಬರೂ ಒಬ್ಬಳೇ ಎಂದು ಬಲ್ಲೆ. ವಕೀಲೆ ಬರೆದುಕೊಂಡು, ಇದು ಸಾಲುತ್ತದೆ ಎಂದು ನಾನು ಭರವಸೆ ಕೊಡಲಾರೆ ಎಂದರು. ಸಹಿ ಮಾಡಿದೆ. ಮಾವಶಿ ಆ ಕಾಗದವನ್ನು ಓದಲಿಲ್ಲ, ಮಡಿಚಿ ಚೀಲದಲ್ಲಿಟ್ಟುಕೊಂಡರು. ಅಂದು ಮಧ್ಯಾಹ್ನವೇ ಎಲ್ಲವನ್ನೂ ಸ್ಕ್ಯಾನ್ ಮಾಡಿ ಕಳಿಸಿದೆ.

ಸಾಲಲಿಲ್ಲ. ಪೂರ್ತಿ ಸಾಲಲಿಲ್ಲ ಎನ್ನಬೇಕು. ಒಂದು ವಾರದ ಮೇಲೆ, ಅಲ್ಲಿಯ ನರ್ಸಿಂಗ್ ಮಂಡಳಿ ಇನ್ನೊಂದು ಪುರಾವೆ ಕೇಳುತ್ತಿದೆ ಎಂದು ಕಾರ್ಯದರ್ಶಿ ಬರೆದರು. ಮಿರಜದ ಆಸ್ಪತ್ರೆಯ ಹಳೆಯ ಮೇಟ್ರನ್ ಒಬ್ಬರನ್ನು ಹುಡುಕಿ, ಪಾಸ್‌ಪೋರ್ಟಿನ ಭಾವಚಿತ್ರದಲ್ಲಿರುವವಳೇ ನಮ್ಮ ಸಿಸ್ಟರ್ ಎಂದು ಬರೆಸಿ ಕಳಿಸುವ ಹೊತ್ತಿಗೆ ತಿಂಗಳು ಮುಗಿದು ಮುಂದಿನದೂ ಅರ್ಧ ಆಗಿತ್ತು. ಮೊದಲ ಮೂರು ತಿಂಗಳಿಗೆ ನಾಸಿಕದ ನರ್ಸ್ ಹೋದರು. ಮಾವಶಿಗೆ ಉಳಿದದ್ದು ಕೊನೆಯ ಮೂರು.

ಆ ಸುದ್ದಿ ಬಂದ ಮೇಲೆ ಮಾವಶಿ ನನ್ನ ಜೊತೆ ಬಹಳ ದಿನ ಮಾತಾಡಲಿಲ್ಲ. ಫೋನ್ ಮಾಡಿದರೆ ಕಾಕಾ ಎತ್ತುತ್ತಿದ್ದರು.

"ಸಿಟ್ಟ ಐತ್ರ್ಯಾ ಇನ್ನೂ?" ಎಂದು ಕೇಳುತ್ತಿದ್ದೆ.

"ಸೀಟು ಖಾಲಿ ಇಲ್ಲ ಅಂತ ಬೋರ್ಡ್ ಹಾಕ್ಯಾಳ," ಎನ್ನುತ್ತಿದ್ದರು.

ನನ್ನದು ಸರಿಯಿತ್ತೇ ಎಂದು ಈಗಲೂ ಯೋಚಿಸುತ್ತೇನೆ. ಮೊದಲಿನ ಕರಡಿಗೆ ಸಹಿ ಹಾಕಿದ್ದರೆ ಅದು ಬಹುಶಃ ಒಂದೇ ಏಟಿಗೆ ಸಾಗುತ್ತಿತ್ತು. ಒಂದು ವಾಕ್ಯಕ್ಕಾಗಿ ಅವರ ಮೂರು ತಿಂಗಳು ಹೋದವು. ವಾಕ್ಯ ನನ್ನದು, ತಿಂಗಳು ಅವರದು.

ಪರವಾನಗಿ ಬಂತು. ಹೊರಡುವ ದಿನ ಬೆಳಿಗ್ಗೆ ಮಿರಜ ಜಂಕ್ಷನ್ನಿಗೆ ನಾನೂ ಹೋದೆ. ಮುಂಬಯಿ ಗಾಡಿ ಬರಲು ಇನ್ನೂ ಹೊತ್ತಿತ್ತು. ಮಾವಶಿ ಹೊಸ ಚಪ್ಪಲಿ ಹಾಕಿದ್ದರು. ಅವರ ಚೀಲದಲ್ಲಿ ಉಪವಾಸದ ದಿನಗಳ ಪಂಚಾಂಗ, ಸೋಸುವ ಬಟ್ಟೆ, ಒಂದು ಡಬ್ಬಿ ಖಾರದ ಭಡಂಗ ಚುರಮುರಿ, ಮತ್ತು ಪ್ಲಾಸ್ಟಿಕ್ ಕವರಿನಲ್ಲಿ ಕಾಗದಗಳು. ಪ್ರತಿ ಎರಡು ನಿಮಿಷಕ್ಕೊಮ್ಮೆ ಕವರ್ ಇದೆಯೇ ಎಂದು ಮುಟ್ಟಿ ನೋಡುತ್ತಿದ್ದರು. ನನ್ನೊಡನೆ ಮಾತು ಶುರುವಾಗಿತ್ತು, ಆದರೆ ಅಳೆದು ಅಳೆದು.

ಗಾಡಿ ಬಂದು ಸಾಮಾನು ಏರಿಸಿ, ಅವರು ಕಿಟಕಿಯ ಬಳಿ ಕೂತ ಮೇಲೆ ನನಗೆ ತಡೆಯಲಾಗಲಿಲ್ಲ.

"ಮಾವಶಿ, ಒಂದು ಕೇಳಲ್ಯಾ? ಖರೇ ಹೇಳ್ರಿ. ಲಗ್ನದಾಗ ನಾ ಇದ್ನ್ಯಾ?"

ಅವರು ಕಿಟಕಿಯ ಸರಳಿಗೆ ಕೈ ಹಚ್ಚಿ ನನ್ನನ್ನು ನೋಡಿದರು. ಮೊದಲು ನಗು ಬಂತು ಅವರಿಗೆ, ಬಾಯಿಗೆ ಸೆರಗು ಹಚ್ಚಿಕೊಂಡರು.

"ನಂಗೇನ್ ಗೊತ್ತೋ ಮಾರಾಯಾ? ನಾ ಮದಿಮಗಳು, ತಲಿ ಬಗ್ಗಿಸಿ ಕುಂತಿದ್ನಿ. ನನ್ನ ಕಾಲ ಬಟ್ಟು ಬಿಟ್ಟು ಏನೂ ಕಂಡಿಲ್ಲ."

"ಮತ್ತ ಅಕ್ಕಿ ತಿನ್ನಾಕ ಕೈ ಹಾಕಿದ್ದಿ ಅಂದ್ರೆಲ್ಲಾ? ಅವ್ವ ಹೊಡದ್ಳು ಅಂದ್ರಿ!"

"ನಿಮ್ಮವ್ವ ಯಾವಾಗ ಹೊಡದಿಲ್ಲ ನಿನಗ?" ಎಂದರು ಅವರು. "ನಂಗ ಹೋಗೂದಿತ್ತು. ಅಂದ್ನಿ."

ಗಾಡಿ ಅಲುಗಿತು. ಕಾಕಾ ಗಂಭೀರವಾಗಿ ಎರಡು ಸಲ ಬೋಗಿಯ ತಗಡು ಬಡಿದು ಹೋಗಲು ಅಪ್ಪಣೆ ಕೊಟ್ಟರು. ನಾನು ಕಿಟಕಿಯ ಜೊತೆ ನಡೆಯತೊಡಗಿದೆ. ಇನ್ನೂ ಏನೋ ಕೇಳುವುದಿತ್ತು. ಉಂಗುರದಿಂದ ಸೊಟ್ಟ ಬರೆದದ್ದನ್ನಾದರೂ ಅವರು ಕಂಡಿದ್ದರೋ, ಅದೂ ಯಾರೋ ಹೇಳಿದ್ದೋ ಎಂದು. ನಡಿಗೆ ಓಟವಾಯಿತು. ಮಾವಶಿ ಒಳಗಿನಿಂದ, "ಬಿಡು ಬಿಡು, ಬಿದ್ದೀ!" ಎಂದು ನರ್ಸಿನ ದನಿಯಲ್ಲಿ ಗದರಿಸುತ್ತಿದ್ದರು. ಪ್ಲಾಟ್‌ಫಾರ್ಮ್ ಮುಗಿಯುವಲ್ಲಿ ನಾನು ನಿಂತೆ.